ಗಂಟು ಹಾಕದ ಕಂಬಳಿ

"ಇದರ ಮ್ಯಾಲ ಕೂಡಾವ್ರು ಯಾರೋ?" ಎಂದು ಹೊಲಿದ ಕಂಬಳಿಯ ದಾರ ಹಿಡಿದು ಕುಳಿತ ರಂಗವ್ವ ಮೂರನೆಯ ಸಲ ಕೇಳಿದಾಗ ಅವಳ ಮಗ ಹುಲ್ಲಪ್ಪ ಮಗ್ಗದ ಕುಣಿಯಿಂದ ಎದ್ದು ಅಂಗಳಕ್ಕೆ ಬಂದ.

"ಸರ್ಕಾರ ಕೂಡ್ತೈತಿ ಬೇ, ಸರ್ಕಾರ! ಎಷ್ಟ ಸಲ ಹೇಳ್ಲಿ?"

"ಅದರ ಹೆಸರೇನು?"

"ಯಾರದ್ದು?"

"ಸರ್ಕಾರದ್ದು. ಅದಕ್ಕೂ ಅವ್ವ ಅಪ್ಪ ಒಂದು ಹೆಸರಿಟ್ಟಿರಬೇಕಲ್ಲ?"

ಹುಲ್ಲಪ್ಪ ಹಣೆ ಬಡಿದುಕೊಂಡ. ನಲವತ್ತೆಂಟು ವರ್ಷಕ್ಕೇ ಅವನ ಹಣೆ ಬಡಿದುಕೊಂಡು ಬಡಿದುಕೊಂಡು ಅರ್ಧ ಸವೆದಿದೆ ಎಂದು ಕಮತಗಿಯ ಕುರುಬರ ಓಣಿಯಲ್ಲಿ ಎಲ್ಲರೂ ನಗುತ್ತಿದ್ದರು. ಆ ಓಣಿಯ ಕಂಬಳಿ ನೇಕಾರರಲ್ಲಿ ನಾಲ್ಕನೆಯ ಇಯತ್ತೆ ಕಲಿತವನು, ಅರ್ಜಿ ಬರೆಯಬಲ್ಲವನು ಅವನೊಬ್ಬನೇ. ಅರ್ಜಿ ಬರೆಯಲು ಬರದಿದ್ದರೆ ಈ ಪೀಡೆಯೇ ಬರುತ್ತಿರಲಿಲ್ಲ.

ಹುನಗುಂದದಲ್ಲಿ ಕಂಬಳಿ ನೇಯ್ಗೆ ಕಲಿಸುವ ವರ್ಗವೊಂದನ್ನು ತೆರೆಯುತ್ತಾರೆ, ಅದಕ್ಕೊಬ್ಬ ಮಾಸ್ತರು ಬೇಕು ಎಂಬ ಸುದ್ದಿ ಆ ವರ್ಷ, ಅಂದರೆ ಎಪ್ಪತ್ತೊಂಬತ್ತರ ಯುಗಾದಿಯ ಹೊತ್ತಿಗೆ ಬಂದಿತ್ತು. ಹುಲ್ಲಪ್ಪ ಅರ್ಜಿ ಹಾಕಿದ. ವಿಜಾಪುರದಿಂದ ಜೀಪಿನಲ್ಲಿ ಒಬ್ಬ ಸಾಹೇಬ ಬಂದು, ಮಗ್ಗ ನೋಡಿ, ಕಂಬಳಿ ಮುಟ್ಟಿ ನೋಡಿ, ಮೂಸಿ ನೋಡಿ, ಕರವಸ್ತ್ರದಿಂದ ಕೈ ಒರೆಸಿಕೊಂಡು, "ಬಾದಾಮಿಯಲ್ಲಿ ಹೊಸ ಬಂಗಲೆ ಕಟ್ಟಿದ್ದೀವಪ್ಪ. ಗುಹೆ ನೋಡೋಕೆ ಬರೋ ದೊಡ್ಡ ಮನುಷ್ಯರು ಇಳ್ಕೊಳ್ತಾರೆ. ಅದರ ಹಜಾರಕ್ಕೆ ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲದ ಹಾಸು ಮಾಡಿಕೊಡು. ಚೆನ್ನಾಗಿ ಬಂದರೆ ಮಾಸ್ತರ ಕೆಲಸ ನಿನ್ನದೇ ಅಂತಿಟ್ಟುಕೋ" ಎಂದು ಹೇಳಿ ಹೋಗಿದ್ದ.

ಅಂದಿನಿಂದ ಹುಲ್ಲಪ್ಪ ಒಳಗೊಳಗೇ ಮಾಸ್ತರನಾಗಿಬಿಟ್ಟಿದ್ದ. ಹೆಂಡತಿ ಸಾವಂತ್ರವ್ವನಿಗೆ ಹೇಳಿರಲಿಲ್ಲ. ಆದರೆ ಮಗ್ಗದ ಮನೆಯ ಗೋಡೆಗೆ ಇದ್ದಿಲಿನಿಂದ ‘ಹುಲ್ಲಪ್ಪ ಮಾಸ್ತರ’ ಎಂದು ಏಳೆಂಟು ಸಹಿ ಬಿದ್ದಿದ್ದನ್ನು ಅವಳು ನೋಡಿದ್ದಳು. ಅವಳಿಗೆ ಓದಲು ಬಾರದು. ಪಕ್ಕದ ಮನೆಯ ಸೋಮವ್ವನ ಸಾಲೆಗೆ ಹೋಗುವ ಹುಡುಗನನ್ನು ಕರೆದು ಓದಿಸಿದ್ದಳು. ಅಲ್ಲಿಂದ ಓಣಿಗೆಲ್ಲ ಗೊತ್ತಾಯಿತು.

ಆ ಕೆಲಸ ಅವನಿಗೆ ಯಾಕೆ ಬೇಕಾಗಿತ್ತು ಎಂದರೆ, ಸಂತೆ ಸಾಕಾಗಿತ್ತು. ಹದಿನಾರನೆಯ ವಯಸ್ಸಿನಿಂದ ಹೆಗಲ ಮೇಲೆ ಕಂಬಳಿ ಹೊತ್ತು ಕಮತಗಿ, ಅಮೀನಗಡ, ಇಳಕಲ್ಲು, ಬನಶಂಕರಿ ಎಂದು ತಿರುಗಿದ್ದ. ಕೊಳ್ಳಲು ಬಂದವನು ಮೊದಲು ಕಂಬಳಿಯ ಅಂಚಿನ ದಶಿ ಎಳೆದು ನೋಡುತ್ತಾನೆ. ಆಮೇಲೆ ಒಂದು ಎಳೆ ಕಿತ್ತು ಬೀಡಿಯ ಬೆಂಕಿಗೆ ಹಿಡಿದು ಸುಟ್ಟು ನೋಡುತ್ತಾನೆ. ಖರೆ ಉಣ್ಣೆ ಎಂದು ಗೊತ್ತಾದ ಮೇಲೆ, "ಕುರಿ ವಾಸನಿ ಬರ್ತೈತಲ್ಲೋ" ಎನ್ನುತ್ತಾನೆ. ಕುರಿಯ ಕಂಬಳಿಗೆ ಕುರಿಯ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತದೆಯೇ? ಮೂವತ್ತೆರಡು ವರ್ಷ ಈ ಒಂದು ಮಾತಿಗೆ ಉತ್ತರ ಕೊಟ್ಟು ಕೊಟ್ಟು ಅವನ ಗಂಟಲು ಒಣಗಿತ್ತು. ಕುರ್ಚಿಯ ಮೇಲೆ ಕುಳಿತು, ಯಾರೂ ಮೂಸಿ ನೋಡದ ಕೆಲಸವೊಂದನ್ನು ಮಾಡಿ ಸಾಯಬೇಕು ಎಂಬುದಷ್ಟೇ ಅವನ ಆಸೆ.

ಸಂತೆಯಲ್ಲಿ ಇನ್ನೂ ಒಂದು ತಾಪತ್ರಯವಿತ್ತು. ಅದು ತಾಯಿಯದು.

ನೆಲದಲ್ಲಿ ತೋಡಿದ ಕುಣಿಯೊಳಗೆ ಕುಳಿತು ನೇಯುವ ಕುಣಿಮಗ್ಗದಲ್ಲಿ ಕಂಬಳಿಯನ್ನು ಪೂರಾ ಅಗಲಕ್ಕೆ ನೇಯಲು ಬರುವುದಿಲ್ಲ. ಒಂದೂವರೆ ಮೊಳ ಅಗಲದ ಪಟ್ಟಿ ನೇಯ್ದು, ಎರಡು ಪಟ್ಟಿಗಳ ಅಂಚಿಗೆ ಅಂಚು ಹಚ್ಚಿ ಹೊಲಿದರೆ ಒಂದು ಕಂಬಳಿ. ಅವರ ಮನೆಯಲ್ಲಿ ನೇಯುವುದು ಗಂಡಸಿನ ಕೆಲಸ, ಹೊಲಿಯುವುದು ಹಿರಿಯ ಹೆಂಗಸಿನ ಕೆಲಸ. ಹೊಲಿಗೆ ಮುಗಿದ ಮೇಲೆ ಕೊನೆಯ ಗಂಟು ಹಾಕುವಾಗ, ಆ ಕಂಬಳಿಯ ಮೇಲೆ ಕೂರುವವರು ಯಾರೋ ಅವರ ಹೆಸರು ಹೇಳಬೇಕು. ಮದುವೆಗೆ ಹಾಸುವುದಾದರೆ ಮದುಮಕ್ಕಳ ಹೆಸರು. ಗುಡಿಯ ಗದ್ದುಗೆಗಾದರೆ ಬೀರಪ್ಪನ ಹೆಸರು. ಸಂತೆಗೆ ಒಯ್ಯುವುದಾದರೆ ಗಂಟು ಹಾಕದೆ ದಾರದ ತುದಿಯನ್ನು ಗೇಣುದ್ದ ಬಿಟ್ಟಿರಬೇಕು, ಕೊಂಡವನ ಹೆಸರು ಕೇಳಿ ಅಲ್ಲೇ ಗಂಟು ಹಾಕಿಕೊಡಬೇಕು. ರಂಗವ್ವನ ಅತ್ತೆ ಹೀಗೆ ಮಾಡುತ್ತಿದ್ದಳು, ಅವಳ ಅತ್ತೆಯೂ ಮಾಡುತ್ತಿದ್ದಳಂತೆ. "ನಾ ಕಂಬಳಿ ಕೊಳ್ಳಾಕ ಬಂದೀನೋ, ಸಾಲ್ಯಾಗ ಹೆಸರ ಹಚ್ಚಾಕ ಬಂದೀನೋ?" ಎಂದು ಜನ ನಗುತ್ತಿದ್ದರು. ಹುಲ್ಲಪ್ಪ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದ, ಹಲ್ಲು ಕಚ್ಚಿಕೊಂಡು ಗಂಟು ಹಾಕುತ್ತಿದ್ದ. ಒಂದು ಸಲವೂ ತಪ್ಪಿಸಿರಲಿಲ್ಲ.

ಬಂಗಲೆಯ ಹಾಸಿಗಾದರೆ ನಾಲ್ಕು ಪಟ್ಟಿ, ಮೂರು ಹೊಲಿಗೆ. ಅದು ತಯಾರಾಗಲು ಹಿಡಿದದ್ದು ಎರಡೂವರೆ ತಿಂಗಳು. ಸಾಹೇಬ ಒಂದು ಕಾಗದದ ಮೇಲೆ ಎರಡು ನವಿಲು ಬರೆದು ಕಳಿಸಿದ್ದ. "ಕರೇ ಕುರಿ ಮ್ಯಾಲ ನವಿಲು ಕೂಡೂದಿಲ್ರಿ, ಬೇಕಾದ್ರ ಬಿಳೇ ಗೆರಿ ಹಾಕ್ತೇನಿ" ಎಂದು ಹುಲ್ಲಪ್ಪ ಉತ್ತರ ಬರೆದ. ಸಾವಂತ್ರವ್ವ ನೂತ ನೂಲು ಸಾಲದೆ ಓಣಿಯ ಹೆಂಗಸರೆಲ್ಲ ನೂತರು. ನೇಯುವ ಮೊದಲು ನೂಲಿನ ಎಳೆಗಳನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ ಹುಣಸೆ ಬೀಜದ ಗಂಜಿ ಹಚ್ಚಿದ ದಿನ ಯಾರದೋ ಆಡು ಬಂದು ಗಂಜಿ ನೆಕ್ಕುತ್ತ ನಿಂತಿತು. ಅದನ್ನು ಓಡಿಸಲು ಹೋದ ಹುಲ್ಲಪ್ಪ ಗಂಜಿಯ ಗಡಿಗೆಯಲ್ಲಿ ಕಾಲಿಟ್ಟ. ಆಚೆ ಓಣಿಯಲ್ಲಿ ಇಳಕಲ್ ಸೀರೆ ನೇಯುವ ಹೊಳಬಸಪ್ಪ ಅದನ್ನು ಕಂಡು, "ಏನಲೇ ಮಾಸ್ತರ, ಕಾಲಿಗೂ ಗಂಜಿ ಹಾಕಿ ಇಸ್ತ್ರಿ ಮಾಡಸ್ತಿ ಏನು?" ಎಂದು ಕೇಳಿದ. ಹುಲ್ಲಪ್ಪ ಅವನ ಮನೆತನದ ಮೂರು ತಲೆಮಾರನ್ನು ಅಲ್ಲೇ ಹೆಸರು ಹಿಡಿದು ಬೈದ.

ಇಷ್ಟೆಲ್ಲ ಆಗಿ, ಮೂರೂ ಹೊಲಿಗೆ ಮುಗಿಸಿ, ಈಗ ಮುದುಕಿ ಗಂಟು ಹಾಕಲೊಲ್ಲಳು.

"ಬರೋರು ಹೋಗೋರು ಎಲ್ಲಾರೂ ಕೂಡ್ತಾರ ಬೇ. ಒಬ್ಬರ ಹೆಸರು ಹೆಂಗ ಹೇಳಾಕ ಬರ್ತೈತಿ?"

"ಮೊದಲ ಕೂಡಾವಂದು ಹೇಳು."

"ನನಗೇನ ಗೊತ್ತು?"

"ಗೊತ್ತಿಲ್ಲಂದ್ರ ಹೋಗಿ ನೋಡು. ದಾರ ಬಿಟ್ಟೇನಿ. ಕೂತವನ ಹೆಸರು ಕೇಳು, ಹೇಳು, ಗಂಟ ಹಾಕು. ಮೂರು ಗಂಟು. ಮೂಗನಂಗ ಸುಮ್ಮನ ಹಾಕಿ ಬಂದಿ ಅಂದ್ರ ನನಗ ಗೊತ್ತಾಗ್ತೈತಿ."

"ಹೆಂಗ ಗೊತ್ತಾಗ್ತೈತಿ?"

"ನಿನ್ನ ಮಾರಿ ನೋಡಿದ್ರ ಗೊತ್ತಾಗ್ತೈತಿ. ಸಣ್ಣಾವ ಇದ್ದಾಗ ಬೆಲ್ಲ ಕದ್ದಾಗೂ ಗೊತ್ತಾಗ್ತಿತ್ತು."

ಸಾವಂತ್ರವ್ವ ಒಲೆಯ ಮುಂದಿನಿಂದಲೇ ಕೂಗಿದಳು: "ಜಲ್ದಿ ಹೋಗ್ರಿ ಮಾಸ್ತರ, ಬಸ್ ತಪ್ಪಿದ್ರ ಸಾಲಿ ತಪ್ಪತೈತಿ!"

ಹಾಸನ್ನು ಸುತ್ತಿ, ಹಗ್ಗ ಬಿಗಿದು, ಹೊತ್ತುಕೊಂಡು ಹುಲ್ಲಪ್ಪ ಹೊರಟ. ಬಾಗಲಕೋಟೆಯವರೆಗೆ ಬಸ್ಸಿನ ಟಾಪಿನ ಮೇಲೆ ಹಾಕಿದ. ಅಲ್ಲಿಂದ ಗದಗ ಪ್ಯಾಸೆಂಜರ್. ರೈಲಿನ ಬಾಗಿಲಲ್ಲಿ ಟಿಕೀಟು ನೋಡುವವನು ಸುರುಳಿಯನ್ನು ಬೆರಳಿನಿಂದ ತಿವಿದು, "ಏನಿದು, ಹೆಣಾನ?" ಎಂದ. "ಹೌದು, ನನ್ನ ಹೆಣ" ಎಂದು ಹುಲ್ಲಪ್ಪ ಅದರ ಮೇಲೆಯೇ ಕುಳಿತ.

ಕುಳಿತ ಮೇಲೆ, ಸುರುಳಿಯ ತುದಿಯಿಂದ ಇಳಿಬಿದ್ದಿದ್ದ ಮೂರು ದಾರಗಳು ಅವನ ಕಣ್ಣಿಗೆ ಬಿದ್ದವು. ಈಗಲೇ ಗಂಟು ಹಾಕಿಬಿಟ್ಟರಾಯಿತು. ಮುದುಕಿ ಇಲ್ಲಿಗೆ ಬಂದು ನೋಡುತ್ತಾಳೆಯೇ? ಸಾಹೇಬನ ಹೆಸರೇ ಹೇಳಿಬಿಡೋಣ ಎಂದು ಒಂದು ದಾರ ಕೈಗೆತ್ತಿಕೊಂಡ. ಹೆಸರು ನೆನಪಿಗೆ ಬರಲಿಲ್ಲ. ನೆನಪಿಗೆ ಬರಲು ಅದು ಗೊತ್ತಿದ್ದರೆ ತಾನೆ? ಅವನು ಮನೆಗೆ ಬಂದಾಗ ಎಲ್ಲರೂ ‘ಸಾಹೇಬ್ರು’ ಎಂದಿದ್ದರು. ಅವನು ಬರೆದ ಎರಡು ಪತ್ರಗಳ ಕೆಳಗೆ ಇದ್ದದ್ದು ಜೇಡದ ಬಲೆಯಂಥ ಸಹಿ. ಗುಳೇದಗುಡ್ಡದ ಸ್ಟೇಶನ್ ದಾಟುವಾಗ ಇನ್ನೊಮ್ಮೆ ದಾರ ಹಿಡಿದ, ಮತ್ತೆ ಬಿಟ್ಟ. ಸರ್ಕಾರದ ಹೆಸರೇನು ಎಂದು ಮುದುಕಿ ಕಮತಗಿಯಲ್ಲಿ ಕುಳಿತು ಕೇಳಿದ್ದೇ ಸರಿಯಾಯಿತಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಬಾದಾಮಿಯ ಸ್ಟೇಶನ್ನಿನಿಂದ ಊರು ಮೂರು ಮೈಲಿ. ಟಾಂಗಾ ಹಿಡಿದ. ಆಷಾಢದ ಸಣ್ಣ ಮಳೆ ಬಿದ್ದು ರಸ್ತೆಯೆಲ್ಲ ಕೆಂಪು ರಾಡಿ. ಬಂಗಲೆ ಗುಡ್ಡದ ಮಗ್ಗುಲಿಗೆ ಇತ್ತು, ಸುಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಅದನ್ನು ಕಾಯುವವನು ಹುಸೇನಸಾಬ, ಅರವತ್ತು ದಾಟಿದ, ಬಿಳಿ ಗಡ್ಡದ ಬಡಕಲು ಮನುಷ್ಯ. ಹುಲ್ಲಪ್ಪ ಹಜಾರದಲ್ಲಿ ಸುರುಳಿ ಬಿಚ್ಚತೊಡಗಿದಾಗ ಅವನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದು ಇನ್ನೊಂದು ತುದಿ ಹಿಡಿದ.

"ಭಾಳ ಛಲೋ ಆಗೈತ್ರಿ" ಎಂದು ಅಂಗೈ ಆಡಿಸಿ ನೋಡಿದ. ಮೂಸಲಿಲ್ಲ. "ಈ ದಾರ ಯಾಕ ಹಿಂಗ ಬಿಟ್ಟೀರಿ?"

"ನಮ್ಮವ್ವನ ಹುಚ್ಚು" ಎಂದ ಹುಲ್ಲಪ್ಪ.

ಕರಿ ಉಣ್ಣೆಯ ಹಾಸು, ಅಂಚಿಗೆ ಮೂರು ಮೂರು ಬಿಳಿ ಗೆರೆ, ಹೊಸ ನೆಲದ ತುಂಬ ಬಿದ್ದಿತ್ತು. ಹುಲ್ಲಪ್ಪ ಗೋಡೆಗೆ ಒರಗಿ ನಿಂತು ನೋಡಿದ. ಮೂವತ್ತೆರಡು ವರ್ಷದಲ್ಲಿ ತಾನು ನೇಯ್ದದ್ದನ್ನು ಹೀಗೆ ದೂರ ನಿಂತು ಅವನು ನೋಡಿರಲೇ ಇಲ್ಲ. ಕುಣಿಯಲ್ಲಿ ಕುಳಿತವನಿಗೆ ಯಾವಾಗಲೂ ಮೂಗಿನ ಮುಂದಿನ ಒಂದು ಗೇಣು ಮಾತ್ರ ಕಾಣುತ್ತಿತ್ತು. ಒಂದು ಗಳಿಗೆ ಅವನ ಸಿಟ್ಟು ಎಲ್ಲಿಗೋ ಹೋಗಿತ್ತು.

ಜೀಪು ಬಂತು. ಸಾಹೇಬ, ಅವನ ಹಿಂದೆ ಒಬ್ಬ ಇಂಜಿನಿಯರ. ಇಬ್ಬರೂ ರಾಡಿಯಲ್ಲಿ ಇಳಿದು, ಮೆಟ್ಟಿಲು ಹತ್ತಿ, ನೆಟ್ಟಗೆ ಒಳಗೆ ಬಂದು ಹಾಸಿನ ನಡುವೆ ನಿಂತರು. ಬೂಟು ಬಿಚ್ಚಲಿಲ್ಲ. ಬಾಗಿಲಿನಿಂದ ನಡುವಿನವರೆಗೆ ಎಂಟು ಕೆಂಪು ಹೆಜ್ಜೆ ಮೂಡಿದವು.

ಹುಲ್ಲಪ್ಪ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಹಾಸು ಎಂದರೆ ಕೂರಲಿಕ್ಕೆ ಎಂದು ಅವನು ತಿಳಿದಿದ್ದ. ಕಂಬಳಿ ಹಾಸಿದ ಮೇಲೆ ಜನ ಕಾಲ್ಮರಿ, ಚಪ್ಪಲಿ ಬಿಟ್ಟು ಬಂದು ಕೂರುತ್ತಾರೆ. ಅದನ್ನು ಯಾರಿಗಾದರೂ ಹೇಳಬೇಕಾಗುತ್ತದೆ ಎಂದು ಅವನ ತಲೆಗೇ ಹೊಳೆದಿರಲಿಲ್ಲ. ಎರಡೂವರೆ ತಿಂಗಳಲ್ಲಿ ಓಣಿಯ ಒಬ್ಬರಿಗೂ ಹೊಳೆದಿರಲಿಲ್ಲ.

"ಫಸ್ಟ್ ಕ್ಲಾಸ್ ಕಣಯ್ಯ!" ಎಂದ ಸಾಹೇಬ. ನಿಜವಾಗಿಯೂ ಅವನಿಗೆ ಸಂತೋಷವಾಗಿತ್ತು. "ನೋಡಿ ಇವರೇ, ನಾನು ಹೇಳ್ಲಿಲ್ವ? ಏನಪ್ಪ, ಸೋಮವಾರ ಹುನಗುಂದಕ್ಕೆ ಬಾ. ಆರ್ಡರ್ ಕೈಗೇ ಕೊಡ್ತೀನಿ. ಏನು, ಖುಷೀನಾ ಮಾಸ್ತರೇ?"

ಮಾಸ್ತರೇ! ಆ ಮಾತು ಕಿವಿಗೆ ಬಿತ್ತು. ಅದರ ಹಿಂದೆಯೇ ಕಣ್ಣು ಬೂಟಿನ ಮೇಲೆ ಬಿತ್ತು. ಸೋಮವಾರ ಎಂದರೆ ಇನ್ನು ನಾಲ್ಕೇ ದಿನ. ಸುಮ್ಮನೆ ಕೈಮುಗಿದು ಹೊರಟರೆ ಮುಗಿಯಿತು.

"ಸಾಹೇಬ್ರ, ಒಂದ್ ಗಳಿಗಿ ಬೂಟ ಬಿಟ್ಟು ಇದರ ಮ್ಯಾಲ ಕೂಡ್ರಿ" ಎಂದ.

"ಯಾಕಪ್ಪ?"

"ನಮ್ಮದೊಂದು ಪದ್ಧತಿ ಐತ್ರಿ. ಮೊದಲ ಕೂತವ್ರ ಹೆಸರು ಹೇಳಿ ಗಂಟ ಹಾಕಬೇಕು. ಒಂದ ಗಳಿಗಿ. ಕೂತು ಎದ್ದುಬಿಡ್ರಿ."

ಸಾಹೇಬ ಇಂಜಿನಿಯರನ ಮುಖ ನೋಡಿ ನಕ್ಕ. "ನೆಲದ ಮೇಲೆ ಯಾರೂ ಕೂರಲ್ಲಪ್ಪ ಇಲ್ಲಿ. ಮಧ್ಯಾಹ್ನ ಸೋಫಾ ಬರುತ್ತೆ. ಈ ಕಡೆ ದೊಡ್ಡದು, ಆ ಕಡೆ ಎರಡು ಚಿಕ್ಕವು, ನಡುವೆ ಟೀಪಾಯಿ. ಇದು ಓಡಾಡೋಕೆ. ಕಾಲಿಗೆ ಮೆತ್ತಗಿರುತ್ತೆ, ಧೂಳೂ ಹಿಡಿದುಕೊಳ್ಳುತ್ತೆ."

"ಹಂಗಾದ್ರ ಇದರ ಮ್ಯಾಲ ಕೂಡೂದು ಸೋಫಾನ?"

"ಹಾಗೇ ಅಂದುಕೋ."

"ಸೋಫಾದ ಹೆಸರು ಹೇಳ್ಲೇನ್ರಿ?"

"ಯಾರ ಹೆಸರೂ ಬೇಡ. ಇದು ಸರ್ಕಾರದ ಆಸ್ತಿ" ಎಂದ ಸಾಹೇಬ. ಅಷ್ಟರಲ್ಲಿ ಬೂಟಿಗೆ ಮೆತ್ತಿದ ರಾಡಿ ಅವನ ಗಮನಕ್ಕೆ ಬಂತು. ಬಲಗಾಲನ್ನು ಹಿಂದಕ್ಕೆ ಮುಂದಕ್ಕೆ ತಿಕ್ಕಿ ಒರೆಸಿದ. ಆಮೇಲೆ ಎಡಗಾಲು. ಚೆನ್ನಾಗಿ ಒರೆಸಿದ. ಅವಮಾನ ಮಾಡಬೇಕೆಂದು ಒರೆಸಲಿಲ್ಲ. ಮನೆಯಲ್ಲಿ ಬಾಗಿಲ ಮುಂದಿನ ಗೋಣಿತಟ್ಟಿಗೆ ಹೇಗೆ ಒರೆಸುತ್ತಿದ್ದನೋ ಹಾಗೆ, ಇಂಜಿನಿಯರನ ಜೊತೆ ನೀರಿನ ಪೈಪಿನ ಮಾತಾಡುತ್ತ ಒರೆಸಿದ.

ಹುಲ್ಲಪ್ಪ ಬಗ್ಗಿ ಮೊದಲನೆಯ ದಾರದ ತುದಿ ಹಿಡಿದು ಎಳೆದ.

ಒಂದೇ ಎಳೆತಕ್ಕೆ ಸರ್ರನೆ ಬರುತ್ತದೆ ಎಂದುಕೊಂಡಿದ್ದ. ಒಂದು ಮೊಳ ಬಂತು. ಆಮೇಲೆ ಸಿಕ್ಕಿಕೊಂಡಿತು. ಉಣ್ಣೆಯ ದಾರ, ಉಣ್ಣೆಯ ಅಂಚು. ಒಂದಕ್ಕೊಂದು ಕಚ್ಚಿ ಕುಳಿತಿದ್ದವು. ಎಪ್ಪತ್ತೈದು ವರ್ಷದ ಮುದುಕಿ ಹೊಲಿಗೆಯನ್ನು ಇಷ್ಟು ಗಟ್ಟಿ ಹಾಕಬೇಕೇ? ಗಂಟು ಹಾಕಲು ಮಾತ್ರ ಆಗುವುದಿಲ್ಲ! ಅವಳನ್ನು ಬೈಯುತ್ತ ಅಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತು, ಒಂದೊಂದೇ ಹೊಲಿಗೆ ಸಡಿಲಿಸಿ ಬಿಚ್ಚತೊಡಗಿದ.

"ಏನು ಮಾಡ್ತಿದ್ದೀಯಾ?" ಎಂದ ಸಾಹೇಬ.

"ಬಿಚ್ಚಾಕತ್ತೇನ್ರಿ."

"ಯಾಕೆ?"

"ಕಂಬಳಿ ನೇಯ್ದಿದ್ದೆ ನಾ. ನಿಮಗ ಬೇಕಾಗಿದ್ದು ಗೋಣಿತಟ್ಟು. ತಪ್ಪು ನಂದ ಐತಿ. ಕೇಳಬೇಕಾಗಿತ್ತು, ಕೇಳಲಿಲ್ಲ. ಸ್ವಲ್ಪ ಕಾಲ ತಗೀರಿ."

"ಏಯ್, ತಲೆ ಕೆಟ್ಟಿದೆಯಾ? ಹಣ ಕೊಡಲ್ಲ ಅಂದೆನೇನಯ್ಯ? ಸೋಮವಾರ ಆರ್ಡರ್ ಬೇಡವಾ ನಿನಗೆ?"

"ಬೇಕಾಗಿತ್ರಿ" ಎಂದ ಹುಲ್ಲಪ್ಪ. ಅವನ ಧ್ವನಿ ಒಡೆಯಿತು. ಒಡೆದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. "ಭಾಳ ಬೇಕಾಗಿತ್ತು. ಗ್ವಾಡಿ ಮ್ಯಾಲ ಸೈನೂ ಹಾಕಿ ಇಟ್ಟಿದ್ದೆ. ಕಾಲ ತಗೀರಿ ಅಂದ್ನಲ್ಲ! ಎರಡನೇ ಪಟ್ಟಿ ಮ್ಯಾಲ ನಿಂತೀರಿ."

ಸಾಹೇಬ ಕೂಗಾಡಿದ. ಇಂಜಿನಿಯರ ಬುದ್ಧಿ ಹೇಳಿದ. ಹುಲ್ಲಪ್ಪ ತಲೆ ಎತ್ತಲಿಲ್ಲ. ಒಂದು ಹೊಲಿಗೆ ಬಿಚ್ಚಲು ಎಂಟು ಮೊಳ ಉದ್ದಕ್ಕೂ ಕುಂಡೆಯ ಮೇಲೆ ತೆವಳಬೇಕಿತ್ತು. ಇಷ್ಟು ನಿಧಾನವಾಗಿ ಯಾರೂ ಯಾರ ಮೇಲೂ ಸಿಟ್ಟು ತೀರಿಸಿಕೊಂಡಿರಲಾರರು. ನಡುವೆ ಸಾಹೇಬನಿಗೇ ಬೇಸರ ಬಂದು, "ಹುನಗುಂದಕ್ಕೆ ಬೇರೆ ಜನ ಇದ್ದಾರೆ, ಹೋಗು!" ಎಂದು ಹೇಳಿ ಜೀಪು ಹತ್ತಿದ. ಎರಡನೆಯ ದಾರ ಇನ್ನೂ ಅರ್ಧಕ್ಕೆ ಬಂದಿತ್ತು.

ಹುಸೇನಸಾಬ ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ. ಜೀಪಿನ ಸದ್ದು ಅಡಗಿದ ಮೇಲೆ ಒಳಗೆ ಬಂದು, ಮಂಡಿ ಹಿಡಿದುಕೊಂಡು ಮೆಲ್ಲಗೆ ಕಂಬಳಿಯ ಆ ತುದಿಯಲ್ಲಿ ಕುಳಿತ. ಮೂರನೆಯ ದಾರ ಬಿಚ್ಚಲು ಹಿಡಿದ.

"ನಿಮ್ಮ ನೌಕರಿಗೆ ಕುತ್ತು ಬಂದೀತು, ಬಿಡ್ರಿ" ಎಂದ ಹುಲ್ಲಪ್ಪ.

"ಹೊಲಿಗಿ ಬಿಚ್ಚಬ್ಯಾಡ ಅಂತ ನನಗ್ಯಾರೂ ಹೇಳಿಲ್ಲ" ಎಂದ ಹುಸೇನಸಾಬ. ದಾರ ಎಳೆಯುತ್ತ, "ಈ ನೆಲ ಭಾಳ ತಂಪು ಹುಲ್ಲಪ್ಪಾರ. ಕುಂತ್ರ ಮಣಕಾಲು ಹಿಡಿತಾವು. ಇದು ಬೆಚ್ಚಗ ಐತಿ" ಎಂದ.

ಹುಲ್ಲಪ್ಪ ಮರುದಿನ ಮಧ್ಯಾಹ್ನ ನಾಲ್ಕು ಪಟ್ಟಿ ಹೊತ್ತು ಮನೆ ಸೇರಿದ. ಅಂಗಳದಲ್ಲಿ ಉಣ್ಣೆ ಹಿಂಜುತ್ತಿದ್ದ ಸಾವಂತ್ರವ್ವ ಪಟ್ಟಿಗಳನ್ನು ನೋಡಿದಳು, ಗಂಡನ ಮುಖ ನೋಡಿದಳು. ಹಣಿಗೆಯನ್ನು ನೆಲಕ್ಕೆ ಕುಕ್ಕಿದಳು.

"ಹೋತೇನು ಕೆಲಸ?"

"ಹೋತು."

"ಎರಡೂವರಿ ತಿಂಗಳು! ನನ್ನ ಬೆರಳು ನೋಡ್ರಿ ಇಲ್ಲೆ, ನೋಡ್ರಿ! ಒಂದ ಗಂಟು, ಒಂದ ಸುಳ್ಳ ಹೆಸರು ಹೇಳಿ ಹಾಕಿ ಬರಾಕ ಏನಾಗಿತ್ತು ನಿಮಗ ದಾಡಿ?"

"ನನ್ನ ಕೇಳಬ್ಯಾಡ, ಅಲ್ಲಿ ಕೂತಾಳಲ್ಲ, ಆಕೀನ್ನ ಕೇಳು!"

ರಂಗವ್ವ ಕಟ್ಟೆಯ ಮೇಲಿಂದ ಕಣ್ಣು ಕಿರಿದು ಮಾಡಿ ನೋಡಿದಳು. "ಯಾರೂ ಕೂಡಲಿಲ್ಲೇನು?"

"ಬೂಟು ಒರಸಿದ್ರು ಬೇ. ಒರಸಿದ್ರು!"

ಮುದುಕಿ ಪಟ್ಟಿಯ ಮೇಲಿನ ಒಣಗಿದ ಕೆಂಪು ಮಣ್ಣನ್ನು ಉಗುರಿನಿಂದ ಕೆರೆದು ನೋಡಿದಳು. ಸೊಸೆಯ ಕಡೆ ತಿರುಗಿ, "ನೀರು ಕಾಸು, ತೊಳೀಬೇಕು" ಎಂದಳು.

ಸಾವಂತ್ರವ್ವ ಆ ದಿನದಿಂದ ಗಂಡನ ಜೊತೆ ಮಾತು ಬಿಟ್ಟಳು, ಆದರೆ ಪಾತ್ರೆಗಳ ಜೊತೆ ಬಹಳ ಮಾತಾಡಿದಳು. ಸೋಮವಾರ ಬಂತು, ಹೋಯಿತು. ಹುನಗುಂದದ ವರ್ಗಕ್ಕೆ ಬೇರೆ ಯಾರೋ ಮಾಸ್ತರ ಬಂದನಂತೆ. ಹೊಳಬಸಪ್ಪ ಓಣಿಯಲ್ಲಿ ಎದುರಾದಾಗ ಬಾಯಿ ತೆರೆದ, ಹುಲ್ಲಪ್ಪನ ಮುಖ ನೋಡಿ ಮುಚ್ಚಿಕೊಂಡ. ಅದು ಹುಲ್ಲಪ್ಪನಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಒಂದು ಅರಿವೆ ತೋಯಿಸಿಕೊಂಡು ಗೋಡೆಯ ಮೇಲಿನ ಇದ್ದಿಲು ಒರೆಸಲು ಹೋದ. ಅದು ಅಳಿಸದೆ ಗೋಡೆಯ ತುಂಬ ಹರಡಿ ಇನ್ನೂ ದೊಡ್ಡದಾಯಿತು. ಅರಿವೆಯನ್ನು ಕುಣಿಯೊಳಗೆ ಎಸೆದು ಬಂದ.

ತೊಳೆದ ಪಟ್ಟಿಗಳು ಒಣಗಿದ ಮೇಲೆ ರಂಗವ್ವ ಎರಡೆರಡನ್ನು ಜೋಡಿಸಿ ಹೊಲಿದಳು. ಎಂಟು ಮೊಳ ಉದ್ದದ ಎರಡು ಕಂಬಳಿ. ಒಂದನ್ನು ಕುರಿ ಕಾಯುವ ಮುದಕಪ್ಪ ಬಂದು ನೋಡಿ, ಮಡಚಿ ಹೊದೆಯಲು ಉದ್ದ ಒಳ್ಳೆಯದೇ ಆಯಿತು ಎಂದು ತೆಗೆದುಕೊಂಡ. ಮುದುಕಿ ಅವನ ಹೆಸರು ಹೇಳಿ ಗಂಟು ಹಾಕಿದಳು. ಎರಡನೆಯದರ ದಾರ ಕೈಯಲ್ಲಿ ಹಿಡಿದು ಮಗನ ಕಡೆ ನೋಡಿದಳು.

"ಇದು ಸಂತಿಗೆ ಏನು? ದಾರ ಬಿಡ್ಲೇ?"

ಹುಲ್ಲಪ್ಪ ಕುಣಿಯಲ್ಲಿ ಕುಳಿತೇ ಲಾಳಿ ನಿಲ್ಲಿಸಿದ.

"ಹುಸೇನಸಾಬ ಅಂತ ಹೇಳಿ ಹಾಕು."

"ಯಾವ ಊರಾಂವ?"

"ಬಾದಾಮ್ಯಾಂವ. ಬಂಗ್ಲೆ ಕಾಯ್ತಾನ."

"ಕೂತಿದ್ನೇನು?"

"ಕೂತಿದ್ದ. ಚಪ್ಪಲಿ ಬಿಟ್ಟು ಕೂತಿದ್ದ. ಮೂರನೇ ದಾರ ಆಂವನ ಬಿಚ್ಚಿದ."

ರಂಗವ್ವ ಹೆಸರು ಹೇಳಿ, ದಾರ ಸುತ್ತಿ, ಹಲ್ಲಿಲ್ಲದ ವಸಡಿನಲ್ಲಿ ಕಚ್ಚಿ ಗಂಟು ಬಿಗಿದಳು.

ಒಲೆಯ ಮುಂದಿದ್ದ ಸಾವಂತ್ರವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ವಾರದ ಮೇಲೆ ಗಂಡನ ಜೊತೆ ಆಡಿದ ಮೊದಲ ಮಾತು ಅದು.

"ಗಂಟ ಹಾಕಿದ್ರಿ, ಛಲೋ ಆತು. ಇದನ್ನ ಈಗ ಬಾದಾಮಿಗೆ ಒಯ್ದು ಮುಟ್ಟಸಾವ್ರು ಯಾರು?"

ಹುಲ್ಲಪ್ಪ ಅದನ್ನು ಯೋಚಿಸಿರಲಿಲ್ಲ. ಬಸ್ಸು, ರೈಲು, ಟಾಂಗಾ, ಆ ಕೆಂಪು ರಾಡಿ, ಆ ಬಂಗಲೆಯ ಮೆಟ್ಟಿಲು. ಎರಡೂ ಕೈಯಿಂದ ಹಣೆ ಬಡಿದುಕೊಂಡ.

"ನಾನ ಹೋಗಬೇಕು, ಮತ್ತ್ಯಾರು ಹೋಗ್ತಾರ?" ಎಂದು ಒದರಿ, ಲಾಳಿಯನ್ನು ಜೋರಾಗಿ ತಳ್ಳಿದ.